ಸ್ಟೀರಾಯ್ಡ್ ಮಾತ್ರೆ ಶುರುವಾಗಿದೆಯಾ? ಶುಗರ್ ಜೊತೆಗೆ ಮೂಳೆಯನ್ನೂ ನೋಡಿಕೊಳ್ಳಿ

ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಶುರುವಾಗಿ ಒಂದು ವಾರ ಆಗಿರುತ್ತದೆ. ಲ್ಯಾಬಿಗೆ ಹೋಗಿ ಖಾಲಿ ಹೊಟ್ಟೆಯ ಶುಗರ್ ಪರೀಕ್ಷೆ ಮಾಡಿಸುತ್ತಾರೆ. 95 ಬರುತ್ತದೆ. ಸದ್ಯ, ಏನೂ ಇಲ್ಲ ಎಂದು ಮನೆಯವರೆಲ್ಲ ನಿರಾಳವಾಗುತ್ತಾರೆ. ಅದೇ ವ್ಯಕ್ತಿಗೆ ಅದೇ ದಿನ ಸಂಜೆ ನಾಲ್ಕು ಗಂಟೆಗೆ ಬೆರಳು ಚುಚ್ಚಿ ನೋಡಿದ್ದರೆ 260 ಇರುವ ಸಾಧ್ಯತೆ ಇದೆ. ಸ್ಟೀರಾಯ್ಡ್‌ನಿಂದ ಬರುವ ಸಕ್ಕರೆ ಕಾಯಿಲೆ ಜಾಸ್ತಿ ತಪ್ಪಿಸಿಕೊಳ್ಳುವುದು ಇಲ್ಲೇ. ಪರೀಕ್ಷೆ ಮಾಡಿಸಿಲ್ಲ ಅಂತಲ್ಲ, ಮಾಡಿಸಿದ ಹೊತ್ತು ಸರಿಯಿರಲಿಲ್ಲ.

ಆಸ್ತಮಾ, ಸಂಧಿವಾತ, ಲೂಪಸ್, ಮೂತ್ರಪಿಂಡದ ನೆಫ್ರೋಟಿಕ್ ತೊಂದರೆ, ಚರ್ಮದ ಪೆಂಫಿಗಸ್, ಅಂಗ ಕಸಿ, ಹೀಗೆ ಯಾವುದೋ ಕಾರಣಕ್ಕೆ ವಾರಗಟ್ಟಲೆ ಅಥವಾ ತಿಂಗಳುಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಿಗೆ ಮತ್ತು ಅವರನ್ನು ನೋಡಿಕೊಳ್ಳುವವರಿಗೆ ಈ ಬರಹ. ಇವು ಜೀವ ಉಳಿಸುವ ಔಷಧಿಗಳು. ಹೆದರಿಕೊಂಡು ನಿಲ್ಲಿಸುವಂಥವಲ್ಲ. ಆದರೆ ಇವನ್ನು ನುಂಗುವಾಗ ದೇಹದೊಳಗೆ ಏನಾಗುತ್ತದೆ ಎಂದು ಗೊತ್ತಿದ್ದರೆ ಅರ್ಧ ತೊಂದರೆಯನ್ನು ಮೊದಲೇ ಹಿಡಿಯಬಹುದು.

ಮೊದಲು ಮೂಳೆಯ ವಿಷಯ

ಸ್ಟೀರಾಯ್ಡ್ ಶುಗರ್ ಏರಿಸುವ ದಾರಿಗಳಲ್ಲಿ ಮೂರು ಬಹಳ ಹಿಂದಿನಿಂದ ಗೊತ್ತು. ಯಕೃತ್ತು ಜಾಸ್ತಿ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಸ್ನಾಯು ಮತ್ತು ಕೊಬ್ಬಿನ ಕೋಶಗಳು ಇನ್ಸುಲಿನ್ ಮಾತು ಕೇಳುವುದು ಕಡಿಮೆಯಾಗುತ್ತದೆ. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಬೇಕಾದಷ್ಟು ಇನ್ಸುಲಿನ್ ಬಿಡಲು ಸೋಲುತ್ತವೆ. ಈ ಪಟ್ಟಿಗೆ ನಾಲ್ಕನೆಯದಾಗಿ ಮೂಳೆ ಸೇರಿದ್ದು ಇತ್ತೀಚೆಗೆ. ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ. ಯಾಕೆಂದರೆ ಮೂಳೆಯನ್ನು ನಾವು ಮನೆಯ ಕಂಬದ ಹಾಗೆ, ಭಾರ ಹೊರುವುದಷ್ಟೇ ಅದರ ಕೆಲಸ ಅಂದುಕೊಂಡಿದ್ದೇವೆ.

ಮೂಳೆ ಕಟ್ಟುವ ಕೋಶಗಳಿಗೆ ಆಸ್ಟಿಯೊಬ್ಲಾಸ್ಟ್ ಎಂದು ಹೆಸರು. ಅವು ಆಸ್ಟಿಯೊಕ್ಯಾಲ್ಸಿನ್ ಎಂಬ ಸಣ್ಣ ಪ್ರೊಟೀನ್ ತಯಾರಿಸುತ್ತವೆ. ಮನುಷ್ಯರಲ್ಲಿ ಇದು ಬರೀ 49 ಅಮೈನೊ ಆಮ್ಲಗಳ ಸರ. ವಿಟಮಿನ್ ಕೆ ಇದ್ದಾಗ ಇದಕ್ಕೆ ಕಾರ್ಬಾಕ್ಸಿಲ್ ಗುಂಪುಗಳು ಸೇರಿಕೊಳ್ಳುತ್ತವೆ, ಆಗ ಇದು ಕ್ಯಾಲ್ಸಿಯಂ ಹಿಡಿದುಕೊಂಡು ಮೂಳೆಯಲ್ಲೇ ಉಳಿಯುತ್ತದೆ. ಆ ಗುಂಪುಗಳು ಪೂರ್ತಿ ಸೇರದ ರೂಪ ಮೂಳೆಗೆ ಅಷ್ಟು ಗಟ್ಟಿಯಾಗಿ ಅಂಟುವುದಿಲ್ಲ. ಅದು ರಕ್ತದಲ್ಲಿ ಓಡಾಡುತ್ತದೆ.

2007ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಜೆರಾರ್ಡ್ ಕಾರ್ಸೆಂಟಿ ಅವರ ತಂಡ ಒಂದು ಫಲಿತಾಂಶ ಪ್ರಕಟಿಸಿತು. ಆಸ್ಟಿಯೊಕ್ಯಾಲ್ಸಿನ್ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಕೊಬ್ಬು ಜಾಸ್ತಿಯಾಯಿತು, ಶುಗರ್ ಏರಿತು, ಇನ್ಸುಲಿನ್ ಇಳಿಯಿತು. ಅಂದರೆ ರಕ್ತದಲ್ಲಿ ಓಡಾಡುವ ಆ ರೂಪ ಹಾರ್ಮೋನಿನಂತೆ ಕೆಲಸ ಮಾಡಿ, ಇನ್ಸುಲಿನ್ ಬಿಡುವಂತೆ ಬೀಟಾ ಕೋಶಗಳನ್ನು ಪ್ರಚೋದಿಸುತ್ತದೆ ಎಂಬುದು ಅವರ ವಾದ.

ಈಗ ಸ್ಟೀರಾಯ್ಡ್‌ಗೆ ಬನ್ನಿ. ಸ್ಟೀರಾಯ್ಡ್ ಮೊದಲು ಪೆಟ್ಟು ಕೊಡುವ ಜಾಗಗಳಲ್ಲಿ ಆಸ್ಟಿಯೊಬ್ಲಾಸ್ಟ್ ಒಂದು. ಪ್ರೆಡ್ನಿಸೊಲೋನ್ ಶುರುವಾದ ಕೆಲವೇ ದಿನಗಳಲ್ಲಿ ರಕ್ತದ ಆಸ್ಟಿಯೊಕ್ಯಾಲ್ಸಿನ್ ಕುಸಿಯುತ್ತದೆ. ಹಾಗಾದರೆ ಶುಗರ್ ಏರುವುದಕ್ಕೂ ಈ ಕುಸಿತಕ್ಕೂ ನಂಟಿದೆಯಾ?

2012ರಲ್ಲಿ ಸಿಡ್ನಿಯ ಆನ್‌ಜಾಕ್ ಸಂಶೋಧನಾ ಸಂಸ್ಥೆಯ ತಂಡ ಇದನ್ನು ಇಲಿಗಳಲ್ಲಿ ಪರೀಕ್ಷಿಸಿತು. ಹಾಂಗ್ ಝೌ, ಮಾರ್ಕಸ್ ಸೈಬೆಲ್ ಮತ್ತು ಸಂಗಡಿಗರು ಅದರಲ್ಲಿದ್ದರು. ಸ್ಟೀರಾಯ್ಡನ್ನು ನಿಷ್ಕ್ರಿಯ ಮಾಡುವ ಒಂದು ಕಿಣ್ವವನ್ನು ಮೂಳೆ ಕಟ್ಟುವ ಕೋಶಗಳಲ್ಲಿ ಮಾತ್ರ ಇರುವಂತೆ ಮಾಡಿದ ಇಲಿಗಳನ್ನು ಬಳಸಿದರು. ಅಂದರೆ ದೇಹದ ಬೇರೆಲ್ಲ ಕಡೆ ಸ್ಟೀರಾಯ್ಡ್ ಕೆಲಸ ಮಾಡುತ್ತದೆ, ಈ ಕೋಶಗಳನ್ನು ಮಾತ್ರ ಮುಟ್ಟುವುದಿಲ್ಲ. ಮಾಮೂಲಿ ಇಲಿಗಳಿಗೆ ಸ್ಟೀರಾಯ್ಡ್ ಕೊಟ್ಟಾಗ ಶುಗರ್ ಹದ ತಪ್ಪಿತು, ಕೊಬ್ಬು ಸೇರಿತು. ಮೂಳೆ ಕೋಶಗಳಿಗೆ ರಕ್ಷಣೆ ಇದ್ದ ಇಲಿಗಳಲ್ಲಿ ಆ ತೊಂದರೆ ಗಣನೀಯವಾಗಿ ಕಡಿಮೆ ಇತ್ತು. ಮುಂದೆ ಮಾಮೂಲಿ ಇಲಿಗಳ ಯಕೃತ್ತಿಗೆ ಆಸ್ಟಿಯೊಕ್ಯಾಲ್ಸಿನ್ ಜೀನ್ ಸೇರಿಸಿದರು. ಮೂಳೆಯಿಂದ ಬರಬೇಕಾದ ಪ್ರೊಟೀನ್ ಯಕೃತ್ತಿನಿಂದ ಬಂತು. ಸ್ಟೀರಾಯ್ಡ್ ನಡೆಯುತ್ತಿದ್ದರೂ ಶುಗರ್ ಸುಧಾರಿಸಿತು.

ಇಷ್ಟು ಓದಿ ಕೂಡಲೇ ಆಸ್ಟಿಯೊಕ್ಯಾಲ್ಸಿನ್ ಮಾತ್ರೆ ಹುಡುಕಲು ಹೋಗಬೇಡಿ. 2020ರಲ್ಲಿ ಎರಡು ಬೇರೆ ಬೇರೆ ತಂಡಗಳು ಹೊಸ ವಿಧಾನದಿಂದ ಆಸ್ಟಿಯೊಕ್ಯಾಲ್ಸಿನ್ ಇಲ್ಲದ ಇಲಿಗಳನ್ನು ಬೆಳೆಸಿದವು. ಅವುಗಳ ಶುಗರ್‌ನಲ್ಲಿ ಅಂಥ ತೊಂದರೆ ಕಾಣಲಿಲ್ಲ. ವಿಜ್ಞಾನಿಗಳ ನಡುವೆ ವಾದ ಇನ್ನೂ ಮುಗಿದಿಲ್ಲ. ಮನುಷ್ಯರಲ್ಲಿ ನೋಡಿದರೆ, ಸಕ್ಕರೆ ಕಾಯಿಲೆ ಇರುವವರಲ್ಲಿ ಆಸ್ಟಿಯೊಕ್ಯಾಲ್ಸಿನ್ ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಆದರೆ ಒಂದರ ಜೊತೆ ಇನ್ನೊಂದು ಕಾಣಿಸಿಕೊಂಡರೆ ಅದೇ ಕಾರಣ ಅಂತ ಆಗುವುದಿಲ್ಲ ಅಲ್ವಾ?

ಸ್ಟೀರಾಯ್ಡ್ ತೆಗೆದುಕೊಳ್ಳುವಾಗ ಶುಗರ್ ಮತ್ತು ಮೂಳೆ ಎರಡಕ್ಕೂ ಒಟ್ಟಿಗೇ ಹಾನಿಯಾಗುತ್ತದೆ. ಆದ್ದರಿಂದ ಎರಡನ್ನೂ ಮೊದಲ ದಿನದಿಂದಲೇ ಒಟ್ಟಿಗೆ ನೋಡಿಕೊಳ್ಳಬೇಕು. ನಮ್ಮಲ್ಲಿ ಒಬ್ಬ ಡಾಕ್ಟರ್ ಶುಗರ್ ನೋಡುತ್ತಾರೆ, ಮೂಳೆ ಮುರಿದ ಮೇಲೆ ಇನ್ನೊಬ್ಬರು ಮೂಳೆ ನೋಡುತ್ತಾರೆ. ಈ ಪದ್ಧತಿ ಬದಲಾಗಬೇಕು.

ಹೆಜ್ಜೆ 1: ನೀವು ನುಂಗುತ್ತಿರುವುದು ಸ್ಟೀರಾಯ್ಡಾ? ಖಚಿತ ಮಾಡಿಕೊಳ್ಳಿ

ಮಾತ್ರೆಯ ಹಾಳೆ ತಿರುಗಿಸಿ ಸಣ್ಣ ಅಕ್ಷರ ಓದಿ. ಪ್ರೆಡ್ನಿಸೊಲೋನ್, ಮೀಥೈಲ್‌ಪ್ರೆಡ್ನಿಸೊಲೋನ್, ಡೆಫ್ಲಜಾಕಾರ್ಟ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಹೈಡ್ರೋಕಾರ್ಟಿಸೋನ್, ಇವೆಲ್ಲ ಒಂದೇ ಕುಟುಂಬ. ಮಿಲಿಗ್ರಾಂ ಸಂಖ್ಯೆ ಚಿಕ್ಕದಿದ್ದರೆ ಔಷಧಿ ಸೌಮ್ಯ ಎಂದು ತಿಳಿಯಬೇಡಿ. 5 ಮಿ.ಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ ಎಂದರೆ 4 ಮಿ.ಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್, ಸುಮಾರು 6 ಮಿ.ಗ್ರಾಂ ಡೆಫ್ಲಜಾಕಾರ್ಟ್, ಬರೀ 0.75 ಮಿ.ಗ್ರಾಂ ಡೆಕ್ಸಾಮೆಥಾಸೋನ್.

ಮಂಡಿಗೋ ಭುಜಕ್ಕೋ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡರೂ ಕೆಲವು ದಿನ ಶುಗರ್ ಏರಬಹುದು. ಮೊದಲೇ ಸಕ್ಕರೆ ಕಾಯಿಲೆ ಇರುವವರು ಆ ವಾರ ಜಾಸ್ತಿ ಸಲ ನೋಡಿಕೊಳ್ಳಬೇಕು. ಆಸ್ತಮಾದ ಇನ್‌ಹೇಲರ್‌ನಿಂದ ಮಾಮೂಲಿ ಡೋಸಿನಲ್ಲಿ ಈ ತೊಂದರೆ ತೀರಾ ಕಡಿಮೆ. ಅದನ್ನು ಶುಗರ್ ಭಯಕ್ಕೆ ಬಿಡಬೇಡಿ.

ಸಂತೆಯಲ್ಲೋ ಪರಿಚಯದವರಿಂದಲೋ ಸಿಗುವ, ಹೆಸರಿಲ್ಲದ ಕೀಲುನೋವಿನ ಪುಡಿ ಮತ್ತು ಗುಳಿಗೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅಂಥ ಕೆಲವಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿದೆ. ವರ್ಷಗಳ ನೋವು ಎರಡೇ ದಿನದಲ್ಲಿ ಮಾಯವಾಯಿತು, ಹಸಿವು ಜಾಸ್ತಿಯಾಯಿತು, ಮುಖ ದುಂಡಗಾಯಿತು ಎಂದರೆ ಅನುಮಾನ ಪಡಿ. ಆ ಪುಡಿಯನ್ನು ಡಾಕ್ಟರಿಗೆ ತೋರಿಸಿ. ಬಹಳ ದಿನದಿಂದ ತಿನ್ನುತ್ತಿದ್ದರೆ ತಟ್ಟನೆ ಬಿಡಬೇಡಿ, ಕಾರಣ ಮುಂದೆ ಹೇಳುತ್ತೇನೆ.

ಹೆಜ್ಜೆ 2: ಶುರು ಮಾಡುವ ಮುಂಚೆಯೇ ಲೆಕ್ಕ ತೆಗೆದಿಡಿ

ಖಾಲಿ ಹೊಟ್ಟೆಯ ಶುಗರ್ ಮತ್ತು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ), ಇವೆರಡು ಸಾಕು. ತುರ್ತಾಗಿ ಮಾತ್ರೆ ಶುರುವಾಗಿದ್ದರೆ ಮೊದಲ ದಿನಗಳಲ್ಲೇ ಮಾಡಿಸಿ. ಎಚ್‌ಬಿಎ1ಸಿ 5.7ರಿಂದ 6.4ರೊಳಗೆ ಇದ್ದರೆ ನೀವು ಈಗಾಗಲೇ ಅಂಚಿನಲ್ಲಿದ್ದೀರಿ, 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೊದಲಿಂದಲೂ ಸಕ್ಕರೆ ಕಾಯಿಲೆ ಇತ್ತು ಎಂದು ಅರ್ಥ. ಅಪ್ಪ ಅಮ್ಮನಿಗೆ ಶುಗರ್ ಇದ್ದರೆ, ಬಸುರಿಯಲ್ಲಿ ಶುಗರ್ ಬಂದಿದ್ದರೆ, ವಯಸ್ಸು ಜಾಸ್ತಿ ಇದ್ದರೆ, ಸೊಂಟದ ಸುತ್ತ ಬೊಜ್ಜಿದ್ದರೆ ಅಪಾಯ ಹೆಚ್ಚು. ನಮ್ಮಂಥ ಭಾರತೀಯರಿಗೆ ಬಿಎಂಐ 23 ದಾಟಿದರೇ ತೂಕ ಜಾಸ್ತಿ ಎಂದು ಲೆಕ್ಕ. ಅಂಗ ಕಸಿ ಆಗಿ, ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ಕೂಡ ತೆಗೆದುಕೊಳ್ಳುತ್ತಿದ್ದರೆ ಅದೂ ಶುಗರ್ ಏರಿಸುತ್ತದೆ.

ಇದರ ಜೊತೆ ಡಾಕ್ಟರ್ ಹತ್ತಿರ ಕೇಳಬೇಕಾದ್ದು ಇಷ್ಟು: "ಡಾಕ್ಟರೇ, ಈ ಮಾತ್ರೆ ಎಷ್ಟು ದಿನ ತಗೋಬೇಕು? ಕಡಿಮೆ ಮಾಡೋದು ಹೇಗೆ? ಮೂಳೆಗೆ ಏನಾದ್ರೂ ಬರೆದುಕೊಡ್ತೀರಾ?" ಮೂರನೆಯ ಪ್ರಶ್ನೆಯನ್ನು ಬಹುತೇಕ ಯಾರೂ ಕೇಳುವುದಿಲ್ಲ. ನೀವು ಕೇಳಿ.

ಹೆಜ್ಜೆ 3: ಸರಿಯಾದ ಹೊತ್ತಿಗೆ ಬೆರಳು ಚುಚ್ಚಿ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಡಿ.

ಬೆಳಿಗ್ಗೆ ತಿಂಡಿಯಾದ ಮೇಲೆ ನುಂಗಿದ ಪ್ರೆಡ್ನಿಸೊಲೋನ್ ನಾಲ್ಕರಿಂದ ಎಂಟು ಗಂಟೆಯ ನಂತರ ಶುಗರನ್ನು ಜೋರಾಗಿ ಏರಿಸುತ್ತದೆ. ರಾತ್ರಿ ಅದರ ಪ್ರಭಾವ ಇಳಿಯುತ್ತದೆ. ಬೆಳಗಾಗುವ ಹೊತ್ತಿಗೆ ಶುಗರ್ ಮಾಮೂಲಿಗೆ ಬಂದಿರುತ್ತದೆ. ಹಾಗಾಗಿ ಖಾಲಿ ಹೊಟ್ಟೆಯ ಪರೀಕ್ಷೆ ಮಾತ್ರ ನಂಬಿದರೆ ಮೋಸ ಹೋಗುತ್ತೀರಿ. ಮಧ್ಯಾಹ್ನದ ಊಟವಾಗಿ ಎರಡು ಗಂಟೆ ಕಳೆದ ಮೇಲೆ, ಅಥವಾ ರಾತ್ರಿ ಊಟಕ್ಕೆ ಕೂರುವ ಮುಂಚೆ ನೋಡಿ. ಎರಡೂ ಹೊತ್ತು ನೋಡಿದರೆ ಇನ್ನೂ ಒಳ್ಳೆಯದು.

ಮಾತ್ರೆಯನ್ನು ದಿನಕ್ಕೆ ಎರಡು ಸಲ ತೆಗೆದುಕೊಳ್ಳುತ್ತಿದ್ದರೆ ಅಥವಾ ಅದು ಡೆಕ್ಸಾಮೆಥಾಸೋನ್ ಆಗಿದ್ದರೆ ಲೆಕ್ಕ ಬೇರೆ. ಡೆಕ್ಸಾಮೆಥಾಸೋನ್ ಒಂದೂವರೆ ದಿನಕ್ಕೂ ಹೆಚ್ಚು ಕೆಲಸ ಮಾಡುತ್ತದೆ. ಆಗ ಬೆಳಗಿನ ಶುಗರ್ ಕೂಡ ಏರಿರುತ್ತದೆ.

ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿ. ಮಾತ್ರೆ ಶುರುವಾಗಿ ಎರಡು ವಾರವಾದಾಗ ಅದು 5.8 ಬಂದರೆ ಸಮಾಧಾನ ಪಡಲು ಏನೂ ಇಲ್ಲ. ಮನೆಯ ಗ್ಲುಕೋಮೀಟರ್ ಈ ದಿನಗಳಲ್ಲಿ ಅದಕ್ಕಿಂತ ಹೆಚ್ಚು ನಿಜ ಹೇಳುತ್ತದೆ. ಕೈ ಸೋಪಿನಲ್ಲಿ ತೊಳೆದು ಒರೆಸಿಯೇ ಚುಚ್ಚಿ. ಬಾಳೆಹಣ್ಣು ಸುಲಿದ ಬೆರಳಿನಲ್ಲಿ ನೋಡಿದರೆ ಸುಳ್ಳು ಸಂಖ್ಯೆ ಬರುತ್ತದೆ.

ಮೊದಲ ಎರಡು ವಾರ ದಿನಾ ಒಂದು ಸಲ ನೋಡಿ ಬರೆದಿಡಿ. ಡೋಸ್ ಹೆಚ್ಚಿಸಿದಾಗಲೆಲ್ಲ ಮತ್ತೆ ದಿನಾ ನೋಡಿ. 140ರೊಳಗೆ ಇದ್ದರೆ ಸರಿ. 180 ದಾಟುತ್ತಿದ್ದರೆ ಡಾಕ್ಟರಿಗೆ ತಿಳಿಸಿ. 200 ಎರಡು ಸಲ ದಾಟಿದರೆ ಮುಂದಿನ ಭೇಟಿವರೆಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ. 300ರ ಮೇಲೆ, ಜೊತೆಗೆ ವಾಂತಿ, ತೀರಾ ಬಾಯಾರಿಕೆ, ಏದುಸಿರು, ಮಂಪರು ಇದ್ದರೆ ಸೀದಾ ಆಸ್ಪತ್ರೆಗೆ ಹೋಗಿ. ಆಂಬುಲೆನ್ಸ್ ಬೇಕಿದ್ದರೆ 108.

2021ರ ಬೇಸಿಗೆ ನೆನಪಿದೆ ಅಲ್ವಾ? ಕೋವಿಡ್ ಎರಡನೇ ಅಲೆಯ ಜೊತೆ ಕಪ್ಪು ಶಿಲೀಂಧ್ರ ಬಂತು. ಹತೋಟಿ ತಪ್ಪಿದ ಶುಗರ್ ಮತ್ತು ಸ್ಟೀರಾಯ್ಡ್ ಎರಡೂ ಸೇರಿದವರಲ್ಲಿ ಅದು ಜಾಸ್ತಿ ಕಂಡಿತು. ಡೆಕ್ಸಾಮೆಥಾಸೋನ್ ಆಮ್ಲಜನಕ ಬೇಕಾದವರ ಜೀವ ಉಳಿಸುತ್ತದೆ ಎಂದು ಬ್ರಿಟನ್ನಿನ ರಿಕವರಿ ಪ್ರಯೋಗ 2020ರಲ್ಲಿ ತೋರಿಸಿತ್ತು. ದಿನಕ್ಕೆ 6 ಮಿ.ಗ್ರಾಂ, ಹೆಚ್ಚೆಂದರೆ 10 ದಿನ. ನಮ್ಮಲ್ಲಿ ಆಮ್ಲಜನಕ ಬೇಡದವರೂ ಮನೆಯಲ್ಲೇ ನುಂಗಿದರು, ಶುಗರ್ ನೋಡದೆ ನುಂಗಿದರು. ಮುಖದ ಒಂದೇ ಬದಿ ಊತ ಅಥವಾ ನೋವು, ಕಣ್ಣು ಕೆಂಪಾಗಿ ಉಬ್ಬುವುದು, ಮೂಗಿನಿಂದ ಕಪ್ಪು ಸ್ರಾವ, ಇಂಥದ್ದು ಇಂದಿಗೂ ತುರ್ತು ಲಕ್ಷಣವೇ.

ಹೆಜ್ಜೆ 4: ಮಧ್ಯಾಹ್ನದ ತಟ್ಟೆಯನ್ನು ಬದಲಿಸಿ

ಶುಗರ್ ಏರುವ ಹೊತ್ತು ಗೊತ್ತಾದ ಮೇಲೆ ಊಟದ ಪಥ್ಯ ಸುಲಭ. ಇಡೀ ದಿನ ಉಪವಾಸ ಬೇಡ. ಮಧ್ಯಾಹ್ನದ ಅನ್ನ ಮತ್ತು ಸಂಜೆಯ ತಿಂಡಿ, ಇವೆರಡನ್ನು ಹಿಡಿತಕ್ಕೆ ತನ್ನಿ. ಅನ್ನ ಒಂದು ಕಪ್, ಅದರ ಎರಡರಷ್ಟು ಪಲ್ಯ ಸೊಪ್ಪು, ಒಂದು ಬಟ್ಟಲು ಬೇಳೆ ಅಥವಾ ಮೊಳಕೆ ಕಾಳು. ಮಾಂಸ ತಿನ್ನುವವರು ಮೀನು, ಮೊಟ್ಟೆ ಸೇರಿಸಿಕೊಳ್ಳಿ. ಸ್ಟೀರಾಯ್ಡ್ ಸ್ನಾಯು ಕರಗಿಸುತ್ತದೆ, ಆದ್ದರಿಂದ ಪ್ರೊಟೀನ್ ಕಡಿಮೆ ಮಾಡಬಾರದು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೊಟೀನ್ ಎಷ್ಟು ಎಂದು ಡಾಕ್ಟರನ್ನು ಕೇಳಿ.

ಈ ಮಾತ್ರೆ ತರುವ ಹಸಿವು ವಿಪರೀತ. ಅದು ರೋಗಿಯ ಬಾಯಿ ಚಪಲ ಅಲ್ಲ, ಔಷಧಿಯ ಪರಿಣಾಮ. ಮನೆಯವರು ಗದರಬೇಡಿ. ಸಂಜೆ ನಾಲ್ಕಕ್ಕೆ ಬಿಸ್ಕತ್ತಿನ ಬದಲು ಕಡಲೆಕಾಳು ಉಸ್ಲಿ, ಸೌತೆಕಾಯಿ ಕೋಸಂಬರಿ, ಉಪ್ಪು ಕಡಿಮೆ ಹಾಕಿದ ಮಜ್ಜಿಗೆ ಸಿದ್ಧವಿಟ್ಟಿರಿ. ಸ್ಟೀರಾಯ್ಡ್ ಬಿಪಿಯನ್ನೂ ಏರಿಸುತ್ತದೆ, ಉಪ್ಪಿನಕಾಯಿ ಹಪ್ಪಳ ದೂರವಿರಲಿ.

ಮೂಳೆಗೆ ದಿನಕ್ಕೆ 1000ದಿಂದ 1200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು, ಊಟ ಮತ್ತು ಮಾತ್ರೆ ಸೇರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಇದೆ. ಹಾಗಂತ ದೊಡ್ಡ ಮುದ್ದೆ ಎರಡು ಹಾಕಿಕೊಂಡರೆ ಶುಗರ್ ಸುಮ್ನೆ ಇರುವುದಿಲ್ಲ. ರಾಗಿಯಲ್ಲೂ ಹಿಟ್ಟಿನ ಅಂಶವೇ ಜಾಸ್ತಿ. ಒಂದು ಸಣ್ಣ ಮುದ್ದೆ, ಜೊತೆಗೆ ಬಸ್ಸಾರು ಮತ್ತು ಸೊಪ್ಪಿನ ಪಲ್ಯ, ಹೀಗಿರಲಿ. ರಾಗಿ ಗಂಜಿ ಬೇಗ ಶುಗರ್ ಏರಿಸುತ್ತದೆ. ಒಂದು ಲೋಟ ಹಾಲಿನಲ್ಲಿ 240 ಮಿ.ಗ್ರಾಂ ಆಸುಪಾಸು ಕ್ಯಾಲ್ಸಿಯಂ ಸಿಗುತ್ತದೆ. ಎಳ್ಳಿನ ಚಟ್ನಿಪುಡಿ ಒಂದು ಚಮಚ ಬಳಸಿದರೂ ಲಾಭ.

ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ, ಅದು ಆಸ್ಟಿಯೊಕ್ಯಾಲ್ಸಿನ್ ಮೂಳೆಯಲ್ಲಿ ನಿಲ್ಲಲು ಬೇಕು ಎಂದು ಮೇಲೆ ಹೇಳಿದೆ. ಅದಕ್ಕಾಗಿ ಪ್ರತ್ಯೇಕ ಮಾತ್ರೆ ನುಂಗುವ ಅಗತ್ಯವಿಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿಟ್ರೋಮ್ ತೆಗೆದುಕೊಳ್ಳುವವರಂತೂ ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಏರಿಸಬಾರದು, ಇಳಿಸಲೂಬಾರದು. ಔಷಧಿಯ ಹದ ಕೆಡುತ್ತದೆ.

ಹೆಜ್ಜೆ 5: ಊಟವಾದ ಮೇಲೆ ನಡೆಯಿರಿ, ಕುರ್ಚಿಯಿಂದ ಎದ್ದು ಕೂರಿ

ಮಧ್ಯಾಹ್ನ ಊಟವಾದ ಅರ್ಧ ಗಂಟೆಯೊಳಗೆ ಹತ್ತು ಹದಿನೈದು ನಿಮಿಷ ನಡಿಗೆ. ಬಿಸಿಲಿದ್ದರೆ ಮನೆಯೊಳಗೇ, ಪಡಸಾಲೆಯಿಂದ ಹಿತ್ತಲಿನವರೆಗೆ. ಇದರ ಜೊತೆ ತೊಡೆಯ ಸ್ನಾಯುಗಳಿಗೆ ಕೆಲಸ ಕೊಡಿ, ಏಕೆಂದರೆ ಸ್ಟೀರಾಯ್ಡ್ ಮೊದಲು ದುರ್ಬಲ ಮಾಡುವುದು ಅವನ್ನೇ. ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು, ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಇದು ಮೂಳೆಗೂ ಒಳ್ಳೆಯದು. ಬೆನ್ನುಮೂಳೆ ಈಗಾಗಲೇ ಸವೆದಿದ್ದರೆ ಮುಂದೆ ಬಗ್ಗಿ ಭಾರ ಎತ್ತಬೇಡಿ.

ಹೆಜ್ಜೆ 6: ಮೂಳೆ ಮುರಿಯುವ ಮುಂಚೆಯೇ ಮೂಳೆಯ ಚಿಕಿತ್ಸೆ

ಸ್ಟೀರಾಯ್ಡ್‌ನಿಂದ ಮೂಳೆ ಅತಿ ವೇಗವಾಗಿ ಸವೆಯುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ. ವರ್ಷ ಕಾದು ನೋಡೋಣ ಎಂದರೆ ತಡವಾಯಿತು. ದಿನಕ್ಕೆ 2.5 ಮಿ.ಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನ್ ಮೂರು ತಿಂಗಳಿಗಿಂತ ಜಾಸ್ತಿ ನಡೆಯುವುದಿದ್ದರೆ, ಮೂಳೆ ಮುರಿಯುವ ಅಪಾಯವನ್ನು ಆರು ತಿಂಗಳೊಳಗೆ ಅಳೆಯಬೇಕು ಎಂದು ಅಮೆರಿಕನ್ ಕಾಲೇಜ್ ಆಫ್ ರ‍್ಯುಮಟಾಲಜಿಯ 2022ರ ಮಾರ್ಗಸೂಚಿ ಹೇಳುತ್ತದೆ. ಮೂಳೆ ಎಷ್ಟು ಗಟ್ಟಿ ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್ ಅದರಲ್ಲಿ ಮುಖ್ಯ. ವಿಟಮಿನ್ ಡಿ ಕಡಿಮೆ ಇದ್ದರೆ ಸರಿಮಾಡಿಸಿಕೊಳ್ಳಿ.

ಅಪಾಯ ಜಾಸ್ತಿ ಇರುವವರಿಗೆ ಅಲೆಂಡ್ರೊನೇಟ್‌ನಂಥ ಮಾತ್ರೆ ಬರೆಯುತ್ತಾರೆ. ವಾರಕ್ಕೊಂದು, 70 ಮಿ.ಗ್ರಾಂ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲೋಟ ತುಂಬ ಬರೀ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬಾರದು, ಕಾಫಿಯನ್ನೂ ಕುಡಿಯಬಾರದು. ಇಂಥ ಔಷಧಿಗಳು ರಕ್ತದ ಆಸ್ಟಿಯೊಕ್ಯಾಲ್ಸಿನ್ ಇಳಿಸುತ್ತವೆ, ಹಾಗಾದರೆ ಶುಗರ್ ಏರುತ್ತದಾ ಎಂಬ ಅನುಮಾನ ಓದಿದವರಿಗೆ ಬರಬಹುದು. ಇದನ್ನು ನೋಡಿದ್ದಾರೆ. ಮುಟ್ಟು ನಿಂತ ಹೆಂಗಸರಲ್ಲಿ ನಡೆದ ಮೂರು ದೊಡ್ಡ ಪ್ರಯೋಗಗಳ ಮಾಹಿತಿಯನ್ನು 2013ರಲ್ಲಿ ವಿಶ್ಲೇಷಿಸಿದಾಗ, ಇಂಥ ಔಷಧಿಗಳನ್ನು ತೆಗೆದುಕೊಂಡವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿರಲಿಲ್ಲ. ಹಾಗಾಗಿ ಶುಗರ್ ಹೆದರಿಕೆಗೆ ಮೂಳೆಯ ಮಾತ್ರೆ ಬಿಡಬೇಡಿ.

ಲ್ಯಾಬುಗಳ ಪಟ್ಟಿಯಲ್ಲಿ ಆಸ್ಟಿಯೊಕ್ಯಾಲ್ಸಿನ್ ಪರೀಕ್ಷೆಯೂ ಇದೆ. ಶುಗರ್ ಬರುತ್ತದಾ ಎಂದು ತಿಳಿಯಲು ಅದನ್ನು ಮಾಡಿಸಬೇಡಿ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಅದು ಇಳಿದೇ ಇರುತ್ತದೆ, ಆ ಸಂಖ್ಯೆ ನೋಡಿ ಚಿಕಿತ್ಸೆ ಬದಲಿಸುವುದಿಲ್ಲ. ಆ ದುಡ್ಡಿಗೆ ಗ್ಲುಕೋಮೀಟರ್ ಪಟ್ಟಿಗಳನ್ನು ಕೊಳ್ಳಿ.

ಬೆನ್ನಲ್ಲಿ ತಟ್ಟನೆ ಚಳುಕು ಬಂದರೆ, ಎತ್ತರ ಕಡಿಮೆಯಾದ ಹಾಗೆ ಅನ್ನಿಸಿದರೆ ಎಕ್ಸ್‌ರೇ ಕೇಳಿ. ವಯಸ್ಸಾಯಿತು, ನೋವು ಸಹಜ ಎಂದು ಬಿಡಬೇಡಿ.

ಹೆಜ್ಜೆ 7: ಶುಗರ್ ಔಷಧಿ ಸ್ಟೀರಾಯ್ಡ್ ಜೊತೆ ಹೆಜ್ಜೆ ಹಾಕಬೇಕು

ಶುಗರ್ ಏರಿದರೆ ಯಾವ ಔಷಧಿ ಎಂಬುದು ಡಾಕ್ಟರ್ ನಿರ್ಧಾರ. ಬೆಳಿಗ್ಗೆ ಪ್ರೆಡ್ನಿಸೊಲೋನ್ ತೆಗೆದುಕೊಳ್ಳುವವರಿಗೆ ಎನ್‌ಪಿಎಚ್ ಇನ್ಸುಲಿನನ್ನು (ಮಧ್ಯಮ ಅವಧಿ ಕೆಲಸ ಮಾಡುವ ಬಗೆ) ಬೆಳಿಗ್ಗೆಯೇ ಕೊಡುವುದುಂಟು, ಎರಡರ ಏರಿಳಿತ ಹೆಚ್ಚುಕಮ್ಮಿ ಹೊಂದುತ್ತದೆ ಎಂಬ ಕಾರಣಕ್ಕೆ. ಇನ್ಸುಲಿನ್ ಶುರುವಾಯಿತು ಎಂದರೆ ಜೀವನಪೂರ್ತಿ ಅಂತಲ್ಲ. ಸಂಜೆಯ ಸಂಖ್ಯೆ ನೋಡಿ ಗಾಬರಿಯಾಗಿ ರಾತ್ರಿಯ ಮಾತ್ರೆಯನ್ನು ನೀವೇ ಜಾಸ್ತಿ ಮಾಡಿಕೊಳ್ಳಬೇಡಿ. ನಸುಕಿನಲ್ಲಿ ಶುಗರ್ ತೀರಾ ಇಳಿದುಬಿಡುತ್ತದೆ.

ಸ್ಟೀರಾಯ್ಡ್ ಡೋಸ್ ಇಳಿಯುವಾಗಲೂ ಇದೇ ಅಪಾಯ. 40 ಮಿ.ಗ್ರಾಂ ಇದ್ದಾಗ ಹೊಂದಿಸಿದ ಇನ್ಸುಲಿನ್ 10 ಮಿ.ಗ್ರಾಂಗೆ ಜಾಸ್ತಿಯಾಗುತ್ತದೆ. ಡೋಸ್ ಇಳಿಸಿದ ದಿನವೇ ಶುಗರ್ ನೋಡುವ ಡಾಕ್ಟರಿಗೂ ತಿಳಿಸಿ. ಬೆವರು, ನಡುಕ, ತಲೆಸುತ್ತು ಬಂದು ಶುಗರ್ 70ಕ್ಕಿಂತ ಕೆಳಗಿದ್ದರೆ ಮೂರು ಚಹಾ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ.

ಶುಗರ್ ಬಂತು ಎಂದು ಸ್ಟೀರಾಯ್ಡನ್ನು ತಟ್ಟನೆ ನಿಲ್ಲಿಸುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಮೂರ‍್ನಾಲ್ಕು ವಾರಕ್ಕಿಂತ ಹೆಚ್ಚು ತೆಗೆದುಕೊಂಡವರ ಅಡ್ರಿನಲ್ ಗ್ರಂಥಿ, ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ತಯಾರಿಯನ್ನು ನಿಲ್ಲಿಸಿರಬಹುದು. ಮಾತ್ರೆಯೂ ಇಲ್ಲ, ಗ್ರಂಥಿಯದೂ ಇಲ್ಲ ಎಂದಾಗ ಬಿಪಿ ಕುಸಿದು ಜೀವಕ್ಕೇ ಕುತ್ತು ಬರುತ್ತದೆ. ಜ್ವರ, ವಾಂತಿ, ಆಪರೇಷನ್ ಇದ್ದಾಗ ಸ್ಟೀರಾಯ್ಡ್ ವಿಷಯವನ್ನು ಎಲ್ಲರಿಗಿಂತ ಮೊದಲು ಹೇಳಿ. ಔಷಧಿಯ ಹೆಸರು, ಡೋಸ್, ಶುರುವಾದ ತಾರೀಕು ಬರೆದ ಚೀಟಿ ಪರ್ಸಿನಲ್ಲಿರಲಿ.

ಹೆಜ್ಜೆ 8: ಮಾತ್ರೆ ನಿಂತ ಮೇಲೆ

ಹಲವರಲ್ಲಿ ಶುಗರ್ ಮಾಮೂಲಿಗೆ ಮರಳುತ್ತದೆ. ಆದರೂ ಸ್ಟೀರಾಯ್ಡ್ ಪೂರ್ತಿ ನಿಂತು ಮೂರು ತಿಂಗಳಿಗೆ ಖಾಲಿ ಹೊಟ್ಟೆಯ ಶುಗರ್ ಮತ್ತು ಎಚ್‌ಬಿಎ1ಸಿ ಮಾಡಿಸಿ. ಸರಿಯಿದ್ದರೆ ಆಮೇಲೆ ವರ್ಷಕ್ಕೊಮ್ಮೆ ಸಾಕು. ಮುಂದೆ ಎಂದಾದರೂ ಮತ್ತೆ ಸ್ಟೀರಾಯ್ಡ್ ಬೇಕಾದರೆ ಶುಗರ್ ಮತ್ತೆ ಏರುವ ಸಾಧ್ಯತೆ ಜಾಸ್ತಿ, ಆ ದಿನದಿಂದಲೇ ಮಧ್ಯಾಹ್ನದ ಪರೀಕ್ಷೆ ಶುರು ಮಾಡಿ. ಮೂಳೆಯ ಮಾತ್ರೆಯನ್ನು ಸ್ಟೀರಾಯ್ಡ್ ಜೊತೆಗೇ ನಿಲ್ಲಿಸಬೇಡಿ. ಯಾವಾಗ ನಿಲ್ಲಿಸಬೇಕು, ಡೆಕ್ಸಾ ಸ್ಕ್ಯಾನ್ ಮತ್ತೆ ಯಾವಾಗ ಎಂದು ಕೊನೆಯ ಭೇಟಿಯಲ್ಲಿ ಕೇಳಿ, ತಾರೀಕನ್ನು ಫೈಲಿನ ಮೇಲೆಯೇ ಬರೆಸಿಕೊಳ್ಳಿ.